ತಾನೇ ಓಡುವ ಗಾಡಿಯನ್ನ ಯಾರಾದ್ರೂ ಹ್ಯಾಕ್ ಮಾಡಿದ್ರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ಗಾಡಿಗಳ ವೈರಿಂಗ್, ಸ್ಕ್ಯಾನಿಂಗ್, ಜಿಪಿಎಸ್ ಮತ್ತು ಡ್ಯಾಶ್‌ಕ್ಯಾಮ್ ಕೂರಿಸುವುದು ನನ್ನ ಕೆಲಸ. ಮೊದಲೆಲ್ಲ ಅಂಗಡಿ ಬೆಂಚಿನ ಮೇಲೆ ಕೂತವರು ಮೈಲೇಜ್, ಬ್ಯಾಟರಿ ಬಗ್ಗೆ ಕೇಳುತ್ತಿದ್ದರು. ಈಗ ಹೊಸ ಕಾರು ತಗೊಂಡವರು, ಲಾರಿ ಸಾಹುಕಾರರು, ಇಂಜಿನಿಯರಿಂಗ್ ಓದುವ ಹುಡುಗರು, ಎಲ್ಲರೂ ಸುತ್ತಿ ಬಳಸಿ ಇದೇ ವಿಷಯಕ್ಕೆ ಬರುತ್ತಾರೆ. ಒಬ್ಬೊಬ್ಬರಿಗೂ ಅದನ್ನೇ ಹೇಳಿ ಗಂಟಲು ಒಣಗಿಸಿಕೊಳ್ಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ಬೇಕಾದ ಪ್ರಶ್ನೆ ಮಾತ್ರ ಓದಿದರೂ ನಡೆಯುತ್ತದೆ.

ನಮ್ಮ ಕಡೆ ರಸ್ತೆಯೇ ನೆಟ್ಟಗಿಲ್ಲ. ಡ್ರೈವರ್ ಇಲ್ಲದ ಗಾಡಿ ಬರೋದು ಯಾವ ಕಾಲಕ್ಕೋ. ಈಗಲೇ ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಸೀಟಿನಲ್ಲಿ ಯಾರೂ ಇಲ್ಲದ ಕಾರು ರಾಯಚೂರಿನ ತೀನ್ ಕಂದೀಲ್ ಸರ್ಕಲ್ಲಿನಲ್ಲಿ ತಿರುಗೋದು ಸದ್ಯಕ್ಕಂತೂ ಇಲ್ಲ. ಒಪ್ಪಿದೆ. ಆದರೆ ಅದರ ಬಿಡಿಭಾಗಗಳು ಆಗಲೇ ಬಂದು ಕೂತಿವೆ. ಕನ್ನಡಿ ಹಿಂದೆ ಕ್ಯಾಮೆರಾ ಇದೆ. ಬಂಪರ್ ಒಳಗೆ ರೇಡಾರ್ ಇದೆ. ಕಾರಿನೊಳಗೇ ಒಂದು ಸಿಮ್ ಇದೆ. ಫೋನಿನ ಆ್ಯಪ್ ಒತ್ತಿದರೆ ಎಸಿ ಶುರುವಾಗುತ್ತದೆ, ಡೋರ್ ಲಾಕ್ ಆಗುತ್ತದೆ. ಅದಿರು ಲಾರಿಯಲ್ಲಿ ಜಿಪಿಎಸ್ ಇದೆ, ಕೆಲವದರಲ್ಲಿ ದೂರದಿಂದಲೇ ಇಂಜಿನ್ ನಿಲ್ಲಿಸುವ ರಿಲೇ ಕೂಡ ಇದೆ. ತಾನೇ ಓಡುವ ಕಾರಿಗೆ ಕಳ್ಳ ನುಗ್ಗುವುದು ಇವೇ ಬಾಗಿಲುಗಳಿಂದ. ಹಾಗಾಗಿ ಇದು ಮುಂದೆಂದೋ ಬರುವ ಚಿಂತೆ ಅಲ್ಲ.

ನನ್ನ ಹೊಸ ಕಾರಲ್ಲಿ ಅಡಾಸ್ (ಓಡಿಸುವವನಿಗೆ ನೆರವಾಗುವ ವ್ಯವಸ್ಥೆ) ಇದೆ. ಅದು ಸೆಲ್ಫ್ ಡ್ರೈವಿಂಗ್ ತಾನೆ?

ಅಲ್ಲ. ಶೋರೂಮಿನ ಹುಡುಗ ಏನೇ ಹೇಳಿರಲಿ, ಅಲ್ಲ.

ಅಮೆರಿಕದ ಎಸ್‌ಎಇ ಸಂಸ್ಥೆ ಇದಕ್ಕೆ 0ಯಿಂದ 5ರ ತನಕ ಮಟ್ಟ ಮಾಡಿದೆ. ನಮ್ಮಲ್ಲಿ ಎಕ್ಸ್‌ಯುವಿ 700, ಹ್ಯಾರಿಯರ್, ವರ್ನಾ ಇಂಥ ಕಾರುಗಳಲ್ಲಿ ಸಿಗುವುದು 2ನೇ ಮಟ್ಟ. ಅಂದರೆ ಕಾರು ಸ್ವಲ್ಪ ಬ್ರೇಕ್ ಹಾಕುತ್ತದೆ, ಸ್ವಲ್ಪ ಸ್ಟೀರಿಂಗ್ ತಿರುಗಿಸುತ್ತದೆ, ಆದರೆ ಕಣ್ಣು, ಕೈ, ಹೊಣೆ ಎಲ್ಲಾ ನಿಮ್ಮದೇ. 3ನೇ ಮಟ್ಟದಲ್ಲಿ ಕೆಲವು ರಸ್ತೆ, ಕೆಲವು ವೇಗದ ಒಳಗೆ ಕಾರೇ ನೋಡಿಕೊಳ್ಳುತ್ತದೆ. ಜರ್ಮನಿಯಲ್ಲಿ ಮರ್ಸಿಡಿಸ್ 2022ರಲ್ಲಿ ಅಂಥದ್ದನ್ನು ಮಾರಾಟಕ್ಕೆ ಬಿಟ್ಟಿತು. 4ನೇ ಮಟ್ಟ ಅಂದರೆ ಗೂಗಲ್ ಬಳಗದ ವೇಮೋ ಟ್ಯಾಕ್ಸಿ. ಅಮೆರಿಕದ ಫೀನಿಕ್ಸ್ ಊರಿನಲ್ಲಿ 2020ರಿಂದ ಸಾಮಾನ್ಯ ಜನರನ್ನೂ ಡ್ರೈವರ್ ಇಲ್ಲದೆ ಕರೆದುಕೊಂಡು ಹೋಗುತ್ತಿದೆ. 5ನೇದು, ಎಲ್ಲಿಗೆ ಬೇಕಾದರೂ ಯಾವಾಗ ಬೇಕಾದರೂ ತಾನೇ ಹೋಗುವ ಗಾಡಿ, ಇನ್ನೂ ಯಾರ ಹತ್ತಿರವೂ ಇಲ್ಲ.

ಸುರಕ್ಷತೆಯ ಲೆಕ್ಕದಲ್ಲಿ ಈ ಮಟ್ಟಗಳು ಯಾಕೆ ಮುಖ್ಯ ಅಂದರೆ, 2ನೇ ಮಟ್ಟದಲ್ಲಿ ಕ್ಯಾಮೆರಾಗೆ ಯಾರಾದರೂ ಮೋಸ ಮಾಡಿದರೂ ನೀವು ಬ್ರೇಕ್ ತುಳಿಯಬಹುದು. 4ನೇ ಮಟ್ಟದಲ್ಲಿ ತುಳಿಯಲು ಕಾಲೇ ಇರುವುದಿಲ್ಲ.

ಓಡುತ್ತಿರುವ ಕಾರನ್ನು ದೂರದಿಂದ ನಿಜವಾಗಿ ಯಾರಾದರೂ ಹ್ಯಾಕ್ ಮಾಡಿದ್ದಾರಾ, ಇಲ್ಲಾ ಇದೆಲ್ಲ ಸಿನಿಮಾ ಕಥೆಯಾ?

ಮಾಡಿದ್ದಾರೆ. 2015ರ ಜುಲೈನಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಹತ್ತಿರ. ಚಾರ್ಲಿ ಮಿಲ್ಲರ್, ಕ್ರಿಸ್ ವಾಲಾಸೆಕ್ ಅಂತ ಇಬ್ಬರು ಸಂಶೋಧಕರು. ಒಬ್ಬ ಪತ್ರಕರ್ತನನ್ನು ಅವನ ಒಪ್ಪಿಗೆ ಪಡೆದೇ ಜೀಪ್ ಚೆರೋಕಿ ಓಡಿಸಲು ಕಳಿಸಿದರು. ತಾವು ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತರು. ಮೊದಲು ಎಸಿ ಜೋರಾಯಿತು. ಆಮೇಲೆ ರೇಡಿಯೋ ಅರಚಿತು, ವೈಪರ್ ಆಡಿತು, ಗಾಜಿನ ಮೇಲೆ ನೀರು ಚಿಮ್ಮಿತು. ಕೊನೆಗೆ ಹೈವೇ ನಡುವೆ ಆಕ್ಸಿಲರೇಟರ್ ಕೆಲಸ ಮಾಡುವುದನ್ನೇ ನಿಲ್ಲಿಸಿತು. ಹಿಂದೆ ದೊಡ್ಡ ಲಾರಿಗಳು ಬರುತ್ತಿದ್ದವು. ಇನ್ನೊಂದು ಖಾಲಿ ಜಾಗದಲ್ಲಿ ಬ್ರೇಕೂ ಹಿಡಿಯದಂತೆ ಮಾಡಿ ತೋರಿಸಿದರು, ಕಾರು ಹೋಗಿ ತಗ್ಗಿಗೆ ಇಳಿಯಿತು.

ಅವರು ನುಗ್ಗಿದ್ದು ಹಾಡು ಕೇಳುವ ಸ್ಕ್ರೀನ್ ಮೂಲಕ. ಆ ಸ್ಕ್ರೀನಿಗೆ ಮೊಬೈಲ್ ನೆಟ್‌ವರ್ಕ್ ಸಂಪರ್ಕ ಇತ್ತು, ಅದರ ಒಂದು ಬಾಗಿಲು ಹೊರಗಿನವರಿಗೂ ತೆರೆದಿತ್ತು. ಕಂಪನಿ 14 ಲಕ್ಷ ಗಾಡಿಗಳನ್ನು ವಾಪಸ್ ಕರೆಯಿತು. ತಿದ್ದಿದ ಸಾಫ್ಟ್‌ವೇರನ್ನು ಯುಎಸ್‌ಬಿ ಡ್ರೈವ್‌ನಲ್ಲಿ ಹಾಕಿ ಮಾಲೀಕರಿಗೆ ಅಂಚೆಯಲ್ಲಿ ಕಳಿಸಿತು. ಅಂಚೆಯಲ್ಲಿ ಬಂದ ಯುಎಸ್‌ಬಿಯನ್ನು ನಂಬಿ ಕಾರಿಗೆ ಚುಚ್ಚಿ ಅನ್ನುವುದೇ ಒಂದು ಅಪಾಯದ ಪಾಠ ಅಂತ ಆಗ ಬಹಳ ಜನ ಬೈದರು. ಸರಿಯಾಗಿಯೇ ಬೈದರು.

ಅದು ಸೆಲ್ಫ್ ಡ್ರೈವಿಂಗ್ ಕಾರಲ್ಲ, ಮಾಮೂಲಿ ಜೀಪ್ ಅನ್ನುವುದನ್ನು ಗಮನಿಸಿ.

ಹಾಡಿನ ಸ್ಕ್ರೀನಿಗೂ ಬ್ರೇಕಿಗೂ ಏನಣ್ಣಾ ಸಂಬಂಧ?

ಕಾರಿನಲ್ಲಿ ಹತ್ತಾರು ಪುಟ್ಟ ಕಂಪ್ಯೂಟರ್‌ಗಳಿರುತ್ತವೆ. ನಾವು ಇಸಿಯು ಅನ್ನುತ್ತೇವೆ. ಇಂಜಿನ್ನಿಗೊಂದು, ಎಬಿಎಸ್‌ಗೊಂದು, ಏರ್‌ಬ್ಯಾಗಿಗೊಂದು, ಡೋರಿಗೊಂದು. ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡ ಎರಡು ತೆಳ್ಳನೆಯ ವೈರುಗಳ ಮೇಲೆ ಮಾತಾಡುತ್ತವೆ. ಆ ಜೋಡಿ ವೈರಿನ ಹೆಸರು ಕ್ಯಾನ್ ಬಸ್. ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಜಗತ್ತಿಗೆ ತೋರಿಸಿದ್ದು. ಅದಕ್ಕಿಂತ ಮುಂಚೆ ಒಂದೊಂದು ಕೆಲಸಕ್ಕೆ ಒಂದೊಂದು ವೈರ್ ಎಳೆದು ಗಾಡಿಯೊಳಗೆಲ್ಲ ಗೋಜಲಾಗುತ್ತಿತ್ತು. ಇದು ಬಂದ ಮೇಲೆ ನಮ್ಮಂಥವರ ಕೆಲಸ ಸಲೀಸಾಯಿತು.

ಆದರೆ ಆ ಕಾಲದಲ್ಲಿ ಕಾರಿಗೆ ಇಂಟರ್‌ನೆಟ್ ಇರಲಿಲ್ಲ, ಹೊರಗಿನವನು ಒಳಗೆ ಬರುತ್ತಾನೆ ಅಂತ ಯಾರೂ ಎಣಿಸಿರಲಿಲ್ಲ. ಕ್ಯಾನ್ ಬಸ್ ಮೇಲೆ ಬರುವ ಮಾತು ಊರಲ್ಲಿ ಡಂಗುರ ಹೊಡೆದ ಹಾಗೆ: ಎಲ್ಲರಿಗೂ ಕೇಳಿಸುತ್ತದೆ, ಹೊಡೆದವನು ಯಾರು ಅಂತ ಯಾರೂ ಕೇಳುವುದಿಲ್ಲ. ಸ್ಕ್ರೀನಿನಿಂದ ಒಳಗೆ ಬಂದವನು ಬ್ರೇಕಿನ ಹೆಸರಲ್ಲಿ ಕೂಗಿದರೂ ನಡೆಯುತ್ತದೆ. ಹೊಸ ಗಾಡಿಗಳಲ್ಲಿ ನಡುವೆ ಗೇಟ್‌ವೇ ಅಂತ ಒಂದು ಕಾವಲು ಇಸಿಯು ಇಟ್ಟು, ಸ್ಕ್ರೀನ್ ಕಡೆಯ ಮಾತು ಬ್ರೇಕ್ ಕಡೆ ಸುಮ್ನೆ ಹೋಗದಂತೆ ತಡೆಯುತ್ತಾರೆ. ಕೆಲವದರಲ್ಲಿ ಪ್ರತಿ ಸಂದೇಶಕ್ಕೂ ಗುಪ್ತ ಸಹಿ ಇರುತ್ತದೆ. ಎಲ್ಲದರಲ್ಲೂ ಇಲ್ಲ.

ಈ ದೌರ್ಬಲ್ಯವನ್ನು ಕಳ್ಳರು ಹೇಗೆ ಬಳಸಿದರು ಅಂತ ಕೇಳಿ, ನನಗಂತೂ ಇದು ಜೀಪ್ ಕಥೆಗಿಂತ ಜಾಸ್ತಿ ದಿಗಿಲು ಹುಟ್ಟಿಸಿದ್ದು. 2022ರಲ್ಲಿ ಲಂಡನ್ನಿನಲ್ಲಿ ಒಂದು ಟೊಯೋಟಾ ರಾವ್4 ಕಾರಿನ ಮುಂದಿನ ಬಂಪರನ್ನು ಯಾರೋ ಕಿತ್ತು, ಹೆಡ್‌ಲೈಟಿನ ವೈರ್ ಎಳೆದಿದ್ದರು. ಪುಂಡರ ಕೆಲಸ ಅನ್ನಿಸಿತು. ಕೆಲವು ದಿನಕ್ಕೆ ಕಾರೇ ಮಾಯ. ಹೆಡ್‌ಲೈಟಿಗೂ ಕ್ಯಾನ್ ಬಸ್ ವೈರ್ ಹೋಗಿರುತ್ತದೆ. ಅದಕ್ಕೆ ಒಂದು ಸಾಧನ ಸಿಕ್ಕಿಸಿ "ಸರಿಯಾದ ಕೀ ಬಂದಿದೆ, ಬಾಗಿಲು ತೆಗಿ" ಅಂತ ಸುಳ್ಳು ಸಂದೇಶ ಕಳಿಸಿದರೆ ಆಯಿತು. ಆ ಸಾಧನವನ್ನು ಬ್ಲೂಟೂತ್ ಸ್ಪೀಕರಿನ ಡಬ್ಬಿಯೊಳಗೆ ಅಡಗಿಸಿ ಮಾರುತ್ತಿದ್ದರು, ಪೊಲೀಸರು ನೋಡಿದರೂ ಹಾಡು ಕೇಳುವ ಸ್ಪೀಕರ್ ಅನ್ನಿಸಲಿ ಅಂತ. ಕಾರು ಕಳೆದುಕೊಂಡವನು ಸ್ವತಃ ಗಾಡಿಗಳ ಸೈಬರ್ ಸುರಕ್ಷತೆಯ ಸಂಶೋಧಕ! ಅದಕ್ಕೇ ವಿಷಯ ಬಯಲಾಯಿತು.

ಕೀ ಜೇಬಲ್ಲಿದ್ದರೆ ಸಾಕು ಅನ್ನುವ ಕಾರು ಸೇಫಾ?

ಒಬ್ಬ ಕಳ್ಳ ನಿಮ್ಮ ಮನೆ ಬಾಗಿಲ ಹತ್ತಿರ ಆಂಟೆನಾ ಹಿಡಿದು ನಿಲ್ಲುತ್ತಾನೆ, ಇನ್ನೊಬ್ಬ ಕಾರಿನ ಹತ್ತಿರ. ಒಳಗೆ ಮೊಳೆಗೆ ನೇತುಹಾಕಿದ ಕೀಯ ಸಿಗ್ನಲ್ ಎತ್ತಿ ಕಾರಿಗೆ ದಾಟಿಸುತ್ತಾರೆ, ಕೀ ಪಕ್ಕದಲ್ಲೇ ಇದೆ ಅಂತ ಕಾರು ಬಾಗಿಲು ತೆಗೆಯುತ್ತದೆ. ಕೀಯನ್ನು ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ ಇಡಿ. ಡಬ್ಬಿಯನ್ನು ಕಾರಿನ ಪಕ್ಕ ಹಿಡಿದಾಗ ಡೋರ್ ತೆರೆದರೆ ಆ ಡಬ್ಬಿ ಪ್ರಯೋಜನ ಇಲ್ಲ, ಬೇರೆ ನೋಡಿ.

ಗಾಡಿಯನ್ನು ಮುಟ್ಟದೇ ಅದಕ್ಕೆ ಮೋಸ ಮಾಡಬಹುದಾ?

ಮಾಡಬಹುದು. ಅದೂ ಕಂಪ್ಯೂಟರ್ ಇಲ್ಲದೆ, ಬರೀ ಟೇಪ್ ಇಟ್ಟುಕೊಂಡು.

2020ರಲ್ಲಿ ಮೆಕಾಫಿ ಕಂಪನಿಯ ಸಂಶೋಧಕರು ವೇಗಮಿತಿ 35 ಅಂತ ಬರೆದ ಬೋರ್ಡಿನ ಮೇಲೆ, 3ರ ನಡುಗೆರೆಯನ್ನು ಸ್ವಲ್ಪ ಉದ್ದ ಮಾಡುವಂತೆ ಒಂದು ತುಂಡು ಕಪ್ಪು ಟೇಪ್ ಅಂಟಿಸಿದರು. ಮನುಷ್ಯ ನೋಡಿದರೆ 35 ಅಂತಲೇ ಓದುತ್ತಾನೆ. 2016ರ ಟೆಸ್ಲಾ ಕಾರಿನ ಕ್ಯಾಮೆರಾ ಅದನ್ನು 85 ಅಂತ ಓದಿ ವೇಗ ಏರಿಸತೊಡಗಿತು. ಹೊಸ ಕ್ಯಾಮೆರಾಗಳು ಈ ಟೇಪಿಗೆ ಬೀಳಲಿಲ್ಲ. ಅದೇ ವರ್ಷ ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದವರು ಪ್ರೊಜೆಕ್ಟರಿನಿಂದ ರಸ್ತೆ ಮೇಲೆ ಮನುಷ್ಯನ ಚಿತ್ರ ಬಿಟ್ಟರು. ಕಾರು ನಿಜವಾದ ಮನುಷ್ಯ ಅಂತಲೇ ತಿಳಿಯಿತು.

ನಮ್ಮ ಕಡೆ ಇಷ್ಟೆಲ್ಲ ಕಷ್ಟಪಡಬೇಕಿಲ್ಲ ಬಿಡಿ. ವೇಗಮಿತಿ ಬೋರ್ಡಿನ ಮೇಲೆ ಕೋಚಿಂಗ್ ಸೆಂಟರಿನ ಪೋಸ್ಟರ್, ಅದರ ಮೇಲೆ ಹುಟ್ಟುಹಬ್ಬದ ಶುಭಾಶಯ, ಅದರ ಮೇಲೆ ಮೂಲವ್ಯಾಧಿ ಔಷಧಿ. ತಿರುವಿನ ಬಾಣದ ಗುರುತು ಸರಿಯಾಗಿ ಫ್ಲೆಕ್ಸ್ ಹಿಂದೆ. ಕೇಡಿಗ ಬೇಕಂತಲೇ ಮುಚ್ಚಿದ್ದಾನೋ, ಯಾರದೋ ಅಭಿಮಾನಿ ಮುಚ್ಚಿದ್ದಾನೋ, ಕ್ಯಾಮೆರಾಗೆ ಎರಡೂ ಒಂದೇ. ಇದಕ್ಕೆ ತಕ್ಕಮಟ್ಟಿಗಿನ ಉತ್ತರ ಅಂದರೆ ಒಂದೇ ಕಣ್ಣನ್ನು ನಂಬದಿರುವುದು: ಕ್ಯಾಮೆರಾ ಹೇಳಿದ್ದನ್ನು ರೇಡಾರ್, ಲೈಡಾರ್ (ಲೇಸರ್ ಬೆಳಕಿನಿಂದ ದೂರ ಅಳೆಯುವ ಸಾಧನ), ಮ್ಯಾಪ್ ಜೊತೆ ತಾಳೆ ನೋಡುವುದು. ಟೆಸ್ಲಾ ಬಹುಪಾಲು ಕ್ಯಾಮೆರಾವನ್ನೇ ನಂಬುತ್ತದೆ, ವೇಮೋ ಕ್ಯಾಮೆರಾ, ರೇಡಾರ್, ಲೈಡಾರ್ ಮೂರನ್ನೂ ಇಟ್ಟುಕೊಂಡಿದೆ. ನನ್ನ ಓಟು ಎರಡನೆಯದಕ್ಕೆ.

ಸಂಡೂರು, ತೋರಣಗಲ್ಲು ಕಡೆಯ ಕೆಂಪು ಧೂಳಲ್ಲಿ ಈ ಕ್ಯಾಮೆರಾಗಳ ಗತಿ ಏನು?

ಕಣ್ಣು ಮುಚ್ಚುತ್ತವೆ. ಅದಿರು ಧೂಳು ಮಾಮೂಲಿ ಮಣ್ಣಲ್ಲ. ಸಣ್ಣಗಿರುತ್ತದೆ, ಭಾರ ಇರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಗಾಜಿನ ಮೇಲೆ ಕೆಂಪು ಗೀರು ಎಳೆಯುತ್ತದೆ. ಬಂಪರಿನ ರೇಡಾರ್ ಮೇಲೆ ಪದರ ಕಟ್ಟಿದರೆ ಡ್ಯಾಶ್‌ಬೋರ್ಡಿನಲ್ಲಿ "ಸೆನ್ಸರ್ ಮುಚ್ಚಿದೆ" ಅಂತ ಬರುತ್ತದೆ, ಅಡಾಸ್ ತಾನಾಗಿ ಆಫ್. ಇದು ಹ್ಯಾಕ್ ಅಲ್ಲ. ಆದರೆ ದಿನಾ ಈ ಎಚ್ಚರಿಕೆ ನೋಡಿ ನೋಡಿ ಜನ ಅದನ್ನು ಓದುವುದನ್ನೇ ಬಿಡುತ್ತಾರೆ. ನಿಜವಾಗಿ ಯಾರೋ ಕೈ ಹಾಕಿದ ದಿನವೂ ಅದೇ ಹಳದಿ ಲೈಟ್ ಬಂದರೆ ಯಾರು ನೋಡುತ್ತಾರೆ?

ಜಿಪಿಎಸ್ ಜಾಮರ್ ಹಾಕಿದರೆ ತಾನೇ ಓಡುವ ಗಾಡಿ ದಾರಿ ತಪ್ಪುತ್ತದಾ?

ಜಿಪಿಎಸ್ ಸಿಗ್ನಲ್ ಸುಮಾರು 20,000 ಕಿಲೋಮೀಟರ್ ಮೇಲಿನಿಂದ ಬರುತ್ತದೆ, ನೆಲಕ್ಕೆ ಬರುವಷ್ಟರಲ್ಲಿ ಬಹಳ ಕ್ಷೀಣವಾಗಿರುತ್ತದೆ. ಅದನ್ನು ಜಾಮರ್‌ನಿಂದ ಮುಚ್ಚಿಹಾಕುವುದು ಕಷ್ಟ ಅಲ್ಲ. ಇಲ್ಲದ ಜಾಗ ತೋರಿಸುವುದು, ಅಂದರೆ ಸ್ಪೂಫಿಂಗ್, ಸ್ವಲ್ಪ ಕಷ್ಟ, ಆದರೆ ಆಗುತ್ತದೆ. ಒಳ್ಳೆಯ ರೋಬೋಟ್ ಟ್ಯಾಕ್ಸಿಗಳು ಜಿಪಿಎಸ್ ಒಂದನ್ನೇ ನೆಚ್ಚಿಕೊಂಡಿಲ್ಲ. ಚಕ್ರ ಎಷ್ಟು ಸುತ್ತಿತು, ಗಾಡಿ ಎಷ್ಟು ತಿರುಗಿತು, ಲೈಡಾರಿಗೆ ಕಾಣುವ ಕಟ್ಟಡ ಮ್ಯಾಪಿನಲ್ಲಿ ಎಲ್ಲಿದೆ ಅಂತ ಎಲ್ಲಾ ಕೂಡಿಸಿ ನೋಡುತ್ತವೆ.

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಕೇಳುವವರ ತಲೆಯಲ್ಲಿರುವುದು ಬೇರೆ ಅಂತ ನನಗೆ ಗೊತ್ತು. ಅಕ್ರಮ ಗಣಿಗಾರಿಕೆಯ ಗಲಾಟೆ, 2011ರ ಲೋಕಾಯುಕ್ತ ವರದಿ, ಅದೇ ವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿದ್ದು, ಇದೆಲ್ಲ ಆದ ಮೇಲೆ ಅದಿರು ಲಾರಿಗಳ ಓಡಾಟದ ಮೇಲೆ ಕಣ್ಣಿಡುವುದು ಬಿಗಿಯಾಯಿತು. ಆ ಕಣ್ಣಿಗೆ ಮಣ್ಣೆರಚಲು ಜಾಮರ್ ಸಿಗುತ್ತದಾ ಅಂತ ಕೆಲವರು ಮೆತ್ತಗೆ ಕೇಳುತ್ತಾರೆ. ಅನುಮತಿ ಇಲ್ಲದೆ ಜಾಮರ್ ಇಟ್ಟುಕೊಳ್ಳುವುದು, ಬಳಸುವುದು ಕಾನೂನಿಗೆ ವಿರುದ್ಧ. ನಾನು ಮಾರುವುದಿಲ್ಲ. ಮುಂದಿನ ಪ್ರಶ್ನೆ.

ನಮ್ಮ ಲಾರಿಗೆ ಕೂರಿಸಿರುವ ಜಿಪಿಎಸ್ ಡಬ್ಬಿಯನ್ನೇ ಹ್ಯಾಕ್ ಮಾಡಿದರೆ?

ಕೊನೆಗೂ ಸರಿಯಾದ ಪ್ರಶ್ನೆ.

ಡ್ಯಾಶ್‌ಬೋರ್ಡ್ ಕೆಳಗೆ ಕೈ ಹಾಕಿ. ಅಂಗೈಯೊಳಗೆ ಮುಚ್ಚಿಕೊಳ್ಳುವಷ್ಟು ಸಣ್ಣ ಕಪ್ಪು ಡಬ್ಬಿ, ಸುತ್ತ ಇನ್ಸುಲೇಷನ್ ಟೇಪ್, ಪಕ್ಕದಲ್ಲಿ ಮಿಣುಕುವ ಲೈಟು. ಒಂದು ವೈರ್ ಬ್ಯಾಟರಿಗೆ, ಒಂದು ಬಾಡಿಗೆ, ಒಂದು ಇಗ್ನಿಷನ್‌ಗೆ ಹೋಗಿರುತ್ತದೆ. ನಾಲ್ಕನೇದೊಂದು ಇದ್ದರೆ ಅದು ರಿಲೇಗೆ. ಆ ರಿಲೇ ಡೀಸೆಲ್ ಪಂಪಿನ ಕರೆಂಟನ್ನು ಕತ್ತರಿಸುತ್ತದೆ. ಲಾರಿ ಕಳುವಾದರೆ ಮಾಲೀಕ ಮನೆಯಲ್ಲೇ ಕೂತು ಫೋನ್ ಒತ್ತಿ ನಿಲ್ಲಿಸಲಿ ಅಂತ ಅದನ್ನು ಹಾಕುವುದು. ಮಾಲೀಕ ಒತ್ತಿದರೆ ನಿಲ್ಲುವ ಲಾರಿ, ಮಾಲೀಕನ ಪಾಸ್‌ವರ್ಡ್ ಗೊತ್ತಿರುವ ಯಾರು ಒತ್ತಿದರೂ ನಿಲ್ಲುತ್ತದೆ.

2022ರ ಜುಲೈನಲ್ಲಿ ಅಮೆರಿಕದ ಸೈಬರ್ ಸುರಕ್ಷತಾ ಏಜೆನ್ಸಿ ಸಿಸಾ ಇಂಥದೇ ಒಂದು ಡಬ್ಬಿಯ ಬಗ್ಗೆ ಎಚ್ಚರಿಕೆ ಕೊಟ್ಟಿತು. ಚೀನಾದ ಮೈಕೋಡಸ್ ಕಂಪನಿಯ ಎಂವಿ720. ಬಿಟ್‌ಸೈಟ್ ಅನ್ನುವ ಸಂಸ್ಥೆ ಅದರಲ್ಲಿ 6 ದೋಷ ಹುಡುಕಿತ್ತು. ಡಬ್ಬಿಯ ಫ್ಯಾಕ್ಟರಿ ಪಾಸ್‌ವರ್ಡ್ 123456. ಅದನ್ನು ಬದಲಾಯಿಸಿ ಅಂತ ಯಾರೂ ಒತ್ತಾಯ ಮಾಡುತ್ತಿರಲಿಲ್ಲ. ಕೆಲವು ಆದೇಶಗಳನ್ನು ಬರೀ ಎಸ್‌ಎಂಎಸ್ ಮೂಲಕ, ಯಾವ ಪಾಸ್‌ವರ್ಡೂ ಇಲ್ಲದೆ ಕಳಿಸಬಹುದಿತ್ತು. ಗಾಡಿ ಎಲ್ಲಿದೆ ಅಂತ ನೋಡಬಹುದು, ಇಂಧನ ನಿಲ್ಲಿಸಬಹುದು. ಆ ಕಂಪನಿಯ ಡಬ್ಬಿಗಳು 169 ದೇಶಗಳಲ್ಲಿ 15 ಲಕ್ಷ ಗಾಡಿಗಳಲ್ಲಿ ಇದ್ದವು ಅನ್ನುತ್ತದೆ ಆ ವರದಿ.

ಘಾಟಿಯಲ್ಲಿ ಲೋಡ್ ತುಂಬಿಕೊಂಡು ಏರುವಾಗ ಇಂಜಿನ್ ನಿಂತರೆ ಸ್ಟೀರಿಂಗ್ ಬಿಗಿಯಾಗುತ್ತದೆ, ಗಾಳಿ ಬ್ರೇಕಿಗೆ ಪ್ರೆಷರ್ ಏರುವುದು ನಿಲ್ಲುತ್ತದೆ. ಆಗ ಏನಾಗುತ್ತದೆ ಅಂತ ಲಾರಿಯವರಿಗೆ ನಾನು ಹೇಳಬೇಕಿಲ್ಲ.

ಹಾಗಾಗಿ ಇಷ್ಟು ಮಾಡಿ. ಡಬ್ಬಿ ಕೂರಿಸಿದ ದಿನವೇ ಪಾಸ್‌ವರ್ಡ್ ಬದಲಾಯಿಸಿ, ಲಾರಿ ನಂಬರನ್ನೇ ಪಾಸ್‌ವರ್ಡ್ ಮಾಡಬೇಡಿ (ಎಲ್ಲರೂ ಅದನ್ನೇ ಮಾಡುತ್ತಾರೆ). ಒಳಗಿನ ಸಿಮ್ ಯಾರ ಹೆಸರಲ್ಲಿದೆ ಕೇಳಿ. ಕೆಲಸ ಬಿಟ್ಟು ಹೋದ ಮ್ಯಾನೇಜರ್ ಫೋನಿನಲ್ಲಿ ಲಾಗಿನ್ ಇನ್ನೂ ಇದೆಯಾ ನೋಡಿ. ಪರ್ಮಿಟ್ ಗಾಡಿಗಳಿಗೆ ಎಐಎಸ್-140 ಅನ್ನುವ ಸರ್ಕಾರಿ ಮಾನದಂಡದ ಡಬ್ಬಿಯನ್ನೇ ಹಾಕಿಸಿ, ಆನ್‌ಲೈನಿನ ಅಗ್ಗದ್ದು ಬೇಡ. ಇಂಜಿನ್ ಕಟ್ ರಿಲೇ ನಿಜವಾಗಿ ಬೇಕೇ ಬೇಕು ಅನ್ನಿಸದಿದ್ದರೆ ಆ ವೈರನ್ನು ಕೂಡಿಸಲೇಬೇಡಿ. ಬೇಕು ಅಂದರೆ, ಗಾಡಿ ನಿಂತಿದ್ದಾಗ ಮಾತ್ರ ಕೆಲಸ ಮಾಡುವ ಸೆಟ್ಟಿಂಗ್ ಇರುವುದನ್ನು ಕೇಳಿ ತಗೊಳ್ಳಿ.

ಒಂದು ಗಾಡಿ ಸರಿ. ಒಂದೇ ಸಲ ನೂರು ಗಾಡಿ ಹ್ಯಾಕ್ ಮಾಡಬಹುದಾ?

ನನ್ನ ಮಟ್ಟಿಗೆ ನಿಜವಾದ ಭಯ ಇದೇ. ಕಾರನ್ನು ಮುಟ್ಟುವ ಅಗತ್ಯವೇ ಇಲ್ಲ, ಕಾರಿಗೆ ಆರ್ಡರ್ ಕೊಡುವ ಸರ್ವರ್ ಹಿಡಿದರೆ ಸಾಕು.

2022ರ ಸೆಪ್ಟೆಂಬರ್ 1ರಂದು ಮಾಸ್ಕೋದಲ್ಲಿ ಯಾಂಡೆಕ್ಸ್ ಟ್ಯಾಕ್ಸಿ ಆ್ಯಪಿನಲ್ಲಿ ಯಾರೋ ಸುಳ್ಳು ಬುಕಿಂಗ್ ಮಾಡಿ ಹತ್ತಾರು ಟ್ಯಾಕ್ಸಿಗಳನ್ನು ಒಂದೇ ವಿಳಾಸಕ್ಕೆ ಕಳಿಸಿದರು. ಕುತುಜೋವ್ಸ್ಕಿ ರಸ್ತೆ ಪೂರ್ತಿ ಜಾಮ್. ಒಂದು ಕಾರಿನ ಬ್ರೇಕಿಗೂ ಯಾರೂ ಕೈ ಹಾಕಿರಲಿಲ್ಲ. ಆ ಟ್ಯಾಕ್ಸಿಗಳಲ್ಲಿ ಡ್ರೈವರ್‌ಗಳಿದ್ದರು. ಡ್ರೈವರ್ ಇದ್ದರೆ ಏನಾಗುತ್ತದೆ? "ಇಷ್ಟೊಂದು ಗಾಡಿ ಯಾಕೆ ಇಲ್ಲಿಗೇ ಬರ್ತಿವೆ, ಏನೋ ಎಡವಟ್ಟಾಗಿದೆ" ಅಂತ ಅನುಮಾನ ಪಡುತ್ತಾನೆ, ಫೋನ್ ಮಾಡುತ್ತಾನೆ, ಬೈದುಕೊಂಡು ವಾಪಸ್ ತಿರುಗಿಸುತ್ತಾನೆ. ಡ್ರೈವರ್ ಇಲ್ಲದ ಗಾಡಿಗೆ ಆ ಅನುಮಾನವನ್ನು ಸಾಫ್ಟ್‌ವೇರಿನಲ್ಲೇ ಬರೆದುಕೊಡಬೇಕು. ಬಂದ ಆದೇಶ ಸರಿಯಾದ ಜಾಗದಿಂದಲೇ ಬಂದಿದೆಯಾ, ಅರ್ಥ ಇದೆಯಾ ಅಂತ ಅದು ತಾನೇ ಕೇಳಿಕೊಳ್ಳಬೇಕು. ಬೀಗ, ಪಾಸ್‌ವರ್ಡ್ ಬಗ್ಗೆ ಮಾತಾಡುವ ಕಂಪನಿಗಳು ಈ ವಿಷಯ ಕಡಿಮೆ ಮಾತಾಡುತ್ತವೆ. ಗಾಡಿಯಿಂದ ಡ್ರೈವರನ್ನು ಇಳಿಸಿದಾಗ ಇಳಿದು ಹೋಗುವುದು ಸ್ಟೀರಿಂಗ್ ಹಿಡಿಯುವ ಎರಡು ಕೈ ಮಾತ್ರ ಅಲ್ಲ.

2022ರಲ್ಲೇ ಜರ್ಮನಿಯ 19 ವರ್ಷದ ಡೇವಿಡ್ ಕೊಲಂಬೊ, ಟೆಸ್ಲಾದ್ದಲ್ಲದ ಬೇರೊಂದು ಆ್ಯಪಿನ ದೋಷದಿಂದ 13 ದೇಶಗಳ 25ಕ್ಕೂ ಹೆಚ್ಚು ಟೆಸ್ಲಾಗಳ ಡೋರ್, ಹಾರ್ನ್ ಆಡಿಸುವಷ್ಟು ಒಳಹೊಕ್ಕಿದ್ದ. ಕಾರು ಗಟ್ಟಿ, ಪಕ್ಕದ ಆ್ಯಪ್ ಟೊಳ್ಳು. ಸಿಕ್ಕ ಸಿಕ್ಕ ಆ್ಯಪಿಗೆ ಕಾರಿನ ಲಾಗಿನ್ ಕೊಡಬೇಡಿ.

ನೆಟ್‌ವರ್ಕ್ ಹೋದರೆ?

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ತೇರಿನ ದಿನ ಫೋನ್ ಮಾಡಿ ನೋಡಿದ್ದೀರಾ? ಟವರ್ ಕಡ್ಡಿ ತುಂಬಾ ಇರುತ್ತವೆ, ಕಾಲ್ ಹೋಗುವುದಿಲ್ಲ. 2023ರ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡ್ರೈವರ್ ಇಲ್ಲದ ಟ್ಯಾಕ್ಸಿ ಓಡಿಸುತ್ತಿದ್ದ ಕ್ರೂಸ್ ಕಂಪನಿಯ ಸುಮಾರು 10 ಕಾರು ಒಂದೇ ಕಡೆ ರಸ್ತೆ ಕಟ್ಟಿಕೊಂಡು ನಿಂತಿದ್ದವು. ಅದೇ ಊರಿನಲ್ಲಿ ದೊಡ್ಡ ಸಂಗೀತ ಹಬ್ಬ ನಡೆಯುತ್ತಿತ್ತು, ನೆಟ್‌ವರ್ಕ್ ಮೇಲೆ ಭಾರ ಬಿತ್ತು ಅಂತ ಕಂಪನಿ ಹೇಳಿತು.

ಇಂಥ ಕಾರುಗಳನ್ನು ದೂರದಿಂದ ಯಾರೋ ಜಾಯ್‌ಸ್ಟಿಕ್ ಹಿಡಿದು ಓಡಿಸುತ್ತಾರೆ ಅಂತ ತುಂಬಾ ಜನ ತಿಳಿದಿದ್ದಾರೆ. ವೇಮೋ ಹೇಳುವ ಪ್ರಕಾರ ಹಾಗಲ್ಲ. ಕಾರಿಗೆ ಗೊಂದಲ ಆದಾಗ ಆಫೀಸಿನ ಮನುಷ್ಯನನ್ನು ಕೇಳುತ್ತದೆ, ಅವನು ಸಲಹೆ ಕೊಡುತ್ತಾನೆ, ಓಡಿಸುವುದು ಕಾರೇ. ಹಾಗೇ ಇರಬೇಕು. ದೂರದಿಂದ ಓಡಿಸುವ ದಾರಿ ಒಂದು ಇಟ್ಟರೆ ಅದರಲ್ಲಿ ಬೇಡದವರೂ ಬರುತ್ತಾರೆ.

ಜನರೇ ಗಾಡಿಗೆ ಅಡ್ಡ ಹಾಕಿದರೆ?

ಹಾಕಿದ್ದಾರೆ. 2023ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪ್ರತಿಭಟನಾಕಾರರು ಡ್ರೈವರ್ ಇಲ್ಲದ ಕಾರುಗಳ ಬಾನೆಟ್ ಮೇಲೆ ರಸ್ತೆಯ ಕಿತ್ತಳೆ ಕೋನ್ ಇಟ್ಟು ಹೋಗುತ್ತಿದ್ದರು, ಕಾರು ಅಲ್ಲೇ ನಿಂತುಬಿಡುತ್ತಿತ್ತು. ಅದಕ್ಕಿಂತ ಅಗ್ಗದ ಹ್ಯಾಕ್ ನಾನು ಕೇಳಿಲ್ಲ. 2024ರ ಫೆಬ್ರವರಿಯಲ್ಲಿ ಅದೇ ಊರಿನ ಚೈನಾಟೌನಿನಲ್ಲಿ ಗುಂಪೊಂದು ಖಾಲಿ ವೇಮೋ ಕಾರಿಗೆ ಬೆಂಕಿ ಹಚ್ಚಿತು. ಒಳಗೆ ಒಬ್ಬಳೇ ಹೆಣ್ಣುಮಗಳಿದ್ದು ಹೊರಗೆ ಪುಂಡರು ಅಡ್ಡ ನಿಂತರೆ? ಮನುಷ್ಯರಿಗೆ ಗುದ್ದಬಾರದು ಅಂತ ಕಾರಿಗೆ ಕಲಿಸಿದ್ದಾರೆ, ಅದು ನಿಲ್ಲುತ್ತದೆ. ನಮ್ಮ ಡ್ರೈವರ್ ಆದರೆ ಹಾರ್ನ್ ಹೊಡೆದು, ರಿವರ್ಸ್ ತಗೊಂಡು, ಏನೋ ಮಾಡಿ ಪಾರು ಮಾಡುತ್ತಿದ್ದ.

ಅಪಘಾತ ಆದರೆ ಹ್ಯಾಕ್ ಆಗಿತ್ತೋ, ಕಾರಿನದೇ ತಪ್ಪೋ ಅಂತ ಪೊಲೀಸರಿಗೆ ಹೇಗೆ ಗೊತ್ತಾಗುತ್ತದೆ?

ಗಾಡಿಯ ದಾಖಲೆಯಿಂದ. ಕ್ಯಾಮೆರಾ ವಿಡಿಯೋ, ಯಾವ ಕ್ಷಣಕ್ಕೆ ಯಾವ ಆದೇಶ ಹೋಯಿತು, ಎಲ್ಲಾ ಅದರಲ್ಲಿರುತ್ತದೆ. ತೊಡಕು ಏನೆಂದರೆ ಆ ದಾಖಲೆ ಇರುವುದು ಕಂಪನಿಯ ಕೈಯಲ್ಲಿ. 2023ರ ಅಕ್ಟೋಬರ್ 2ರಂದು ಬೇರೊಂದು ಕಾರು ಗುದ್ದಿ ಬಿದ್ದ ಮಹಿಳೆಯನ್ನು ಕ್ರೂಸ್ ಕಾರು ಸುಮಾರು 20 ಅಡಿ ಎಳೆದುಕೊಂಡು ಹೋಯಿತು. ಎಳೆದ ಭಾಗದ ವಿಡಿಯೋವನ್ನು ಕಂಪನಿ ತಮಗೆ ಮೊದಲು ತೋರಿಸಲಿಲ್ಲ ಅಂತ ಕ್ಯಾಲಿಫೋರ್ನಿಯಾದ ಸಾರಿಗೆ ಇಲಾಖೆ ಹೇಳಿ, ಅದೇ ತಿಂಗಳು ಪರವಾನಗಿ ಅಮಾನತು ಮಾಡಿತು. 2024ರ ಡಿಸೆಂಬರ್‌ನಲ್ಲಿ ಕ್ರೂಸ್‌ನ ಒಡೆತನದ ಕಂಪನಿ ಜನರಲ್ ಮೋಟಾರ್ಸ್ ಆ ಟ್ಯಾಕ್ಸಿ ಯೋಜನೆಗೆ ದುಡ್ಡು ಹಾಕುವುದನ್ನೇ ನಿಲ್ಲಿಸಿತು.

ಹೊಣೆ ಯಾರದು ಅನ್ನುವುದನ್ನು ಬ್ರಿಟನ್ 2024ರಲ್ಲಿ ಕಾಯ್ದೆ ಮಾಡಿ ಬರೆದಿಟ್ಟಿದೆ: ಕಾರು ತಾನೇ ಓಡುತ್ತಿದ್ದಾಗ ಒಳಗೆ ಕೂತವನಲ್ಲ, ಅನುಮತಿ ಪಡೆದ ಕಂಪನಿ. ನಮ್ಮಲ್ಲಿ ಅಡಾಸ್ ಆನ್ ಇದ್ದರೂ ಆಫ್ ಇದ್ದರೂ ಕೇಸ್ ಬೀಳುವುದು ಸ್ಟೀರಿಂಗ್ ಹಿಂದೆ ಕೂತವನ ಮೇಲೆ.

ಈ ಕ್ಯಾಮೆರಾಗಳು ನಮ್ಮ ಮನೆ, ನಮ್ಮ ಓಡಾಟ ಎಲ್ಲಾ ನೋಡುತ್ತವಲ್ಲ?

ನೋಡುತ್ತವೆ, ಬರೆದಿಡುತ್ತವೆ. 2024ರ ಡಿಸೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಬಳಗದ ಸುಮಾರು 8 ಲಕ್ಷ ಎಲೆಕ್ಟ್ರಿಕ್ ಕಾರುಗಳ ಮಾಹಿತಿ, ಅದರಲ್ಲಿ ಎಷ್ಟೋ ಗಾಡಿ ಎಲ್ಲೆಲ್ಲಿ ನಿಂತಿತ್ತು ಅನ್ನುವುದೂ ಸೇರಿ, ಸರಿಯಾದ ಬೀಗ ಇಲ್ಲದ ಸರ್ವರಿನಲ್ಲಿ ಬಿದ್ದಿದ್ದು ಬಯಲಾಯಿತು. ಮನೆ ಯಾವುದು, ಎಷ್ಟು ಹೊತ್ತಿಗೆ ಯಾರೂ ಇರುವುದಿಲ್ಲ ಅಂತ ತಿಳಿಯಲು ಕಳ್ಳನಿಗೆ ಬೇರೇನೂ ಬೇಡ. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ. ನಿಮ್ಮ ಮಾಹಿತಿ ಅಳಿಸಿ ಅಂತ ಕೇಳುವ ಹಕ್ಕನ್ನು ಅದರಲ್ಲಿ ಬರೆದಿದ್ದಾರೆ.

ನಮ್ಮ ದೇಶದ ಕಾನೂನು ಏನನ್ನುತ್ತದೆ?

ಸಾರಿಗೆ ಸಚಿವ ನಿತಿನ್ ಗಡ್ಕರಿ 2017ರಲ್ಲೂ, 2023ರಲ್ಲೂ ಡ್ರೈವರ್ ಇಲ್ಲದ ಕಾರಿಗೆ ಭಾರತದಲ್ಲಿ ಅವಕಾಶ ಕೊಡುವುದಿಲ್ಲ ಅಂದಿದ್ದಾರೆ. ಅವರ ಕಾರಣ ಹ್ಯಾಕಿಂಗ್ ಅಲ್ಲ, ಚಾಲಕರ ಕೆಲಸ. ಲಾರಿ ಓಡಿಸಿ ಬದುಕುವ ಮನೆಗಳು ಇಷ್ಟೊಂದಿರುವ ನಮ್ಮ ಕಡೆ ಅದನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಆದರೂ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 2ಬಿ ಕಲಂ ಪ್ರಕಾರ, ಸಂಶೋಧನೆಗೆ ಅಂತ ಕೆಲವು ಗಾಡಿಗಳಿಗೆ ಕೇಂದ್ರ ವಿನಾಯಿತಿ ಕೊಡಬಹುದು.

ಸೈಬರ್ ಸುರಕ್ಷತೆಗೆ ವಿಶ್ವಸಂಸ್ಥೆಯ 155ನೇ ನಿಯಮ ಇದೆ. ಯುರೋಪಿನಲ್ಲಿ 2024ರ ಜುಲೈನಿಂದ ಎಲ್ಲ ಹೊಸ ಕಾರಿಗೂ ಕಡ್ಡಾಯ. ಹಳೇ ಕಾರಿನ ಒಳವೈರಿಂಗ್ ಬದಲಾಯಿಸುವುದಕ್ಕಿಂತ ಬಿಡುವುದೇ ಲೇಸು ಅಂತ ಪೋರ್ಷೆ ಕಂಪನಿ ಅಲ್ಲಿ ಮಕಾನ್ ಕಾರಿನ ಪೆಟ್ರೋಲ್ ಮಾದರಿ ಮಾರುವುದನ್ನೇ ನಿಲ್ಲಿಸಿತು. ಅದೇ ಮಾದರಿಯಲ್ಲಿ ನಮ್ಮಲ್ಲಿ ಸೈಬರ್ ಸುರಕ್ಷತೆಗೆ ಎಐಎಸ್-189 ಮತ್ತು ಸಾಫ್ಟ್‌ವೇರ್ ಅಪ್‌ಡೇಟಿಗೆ ಎಐಎಸ್-190 ಅಂತ ಮಾನದಂಡ ಸಿದ್ಧಪಡಿಸಿದ್ದಾರೆ.

ಮೈನ್ಸ್‌ನಲ್ಲಿ ಡ್ರೈವರ್ ಇಲ್ಲದ ಟಿಪ್ಪರ್ ಬರುತ್ತವಂತೆ, ಹೌದಾ?

ಆಸ್ಟ್ರೇಲಿಯಾದಲ್ಲಿ ಆಗಲೇ ಹಳೇ ಸುದ್ದಿ. ಪಿಲ್ಬರಾ ಅನ್ನುವ ಕಡೆ, ಅಲ್ಲಿಯೂ ಕಬ್ಬಿಣದ ಅದಿರೇ, ರಿಯೋ ಟಿಂಟೋ ಕಂಪನಿ 2008ರಿಂದಲೇ ತಾನೇ ಓಡುವ ದೊಡ್ಡ ಟ್ರಕ್ ಓಡಿಸುತ್ತಿದೆ. ಅವುಗಳ ಮೇಲೆ ಕಣ್ಣಿಡುವ ಆಫೀಸು ಸುಮಾರು 1,500 ಕಿಲೋಮೀಟರ್ ದೂರದ ಪರ್ತ್‌ನಲ್ಲಿದೆ. ಗಣಿಯೊಳಗೆ ಆಟೋ ಇಲ್ಲ, ಎಮ್ಮೆ ಇಲ್ಲ, ದಾರಿ ಗೊತ್ತಿರುವುದೇ. ಹಾಗಾಗಿ ನಮ್ಮಲ್ಲೂ ಬಂದರೆ ಸಂಡೂರಿನ ಗಣಿಯೊಳಗೇ ಮೊದಲು ಬಂದೀತು ಅನ್ನುವುದು ನನ್ನ ಅಂದಾಜು. ಅಲ್ಲಿ ಹ್ಯಾಕರ್ ಯಾರನ್ನೂ ಕೊಲ್ಲಬೇಕಿಲ್ಲ. ಕಂಟ್ರೋಲ್ ರೂಮಿನ ಕಂಪ್ಯೂಟರಿಗೆ ಬೀಗ ಜಡಿದು "ದುಡ್ಡು ಕೊಡಿ" ಅಂದರೆ ಸಾಕು, ಇಡೀ ಗಣಿ ನಿಲ್ಲುತ್ತದೆ.

ಕಾರು ಅಪ್‌ಡೇಟ್ ಕೇಳುತ್ತದೆ. ಮಾಡಲಾ, ಬಿಡಲಾ?

ಮಾಡಿ. ಮನೆಯಲ್ಲಿ ನಿಲ್ಲಿಸಿ, ಬ್ಯಾಟರಿ ಚೆನ್ನಾಗಿದ್ದಾಗ, ಕಂಪನಿ ಕಡೆಯಿಂದ ಬಂದದ್ದನ್ನು ಮಾತ್ರ. ಕಾರು ಕೊಳ್ಳುವಾಗಲೇ ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೀರಿ ಅಂತ ಬರವಣಿಗೆಯಲ್ಲಿ ಕೇಳಿ. ಸನ್‌ರೂಫ್ ಬಗ್ಗೆ ಕೇಳುವವರು ಇದನ್ನು ಕೇಳುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. ಏನು ನೋಡಬೇಕು?

ಹಳೇ ಮಾಲೀಕನ ಫೋನಿನಲ್ಲಿ ಆ ಕಾರಿನ ಆ್ಯಪ್ ಇನ್ನೂ ಇರುತ್ತದೆ. ನೀವು ಗಂಗಾವತಿಯಲ್ಲಿ ಕಾರು ನಿಲ್ಲಿಸಿದರೆ ಅವನು ಹೈದರಾಬಾದಿನಲ್ಲಿ ಕೂತು ಡೋರ್ ತೆಗೆಯಬಹುದು. ದುಡ್ಡು ಎಣಿಸುವ ಮುಂಚೆ ಅವರ ಎದುರೇ ಆ್ಯಪಿನಿಂದ ಕಾರನ್ನು ತೆಗೆಸಿ, ಸ್ಕ್ರೀನ್ ಫ್ಯಾಕ್ಟರಿ ರೀಸೆಟ್ ಮಾಡಿಸಿ, ಎರಡೂ ಕೀ ಇಸಿದುಕೊಳ್ಳಿ. ಸ್ಟೀರಿಂಗ್ ಕೆಳಗಿನ ಒಬಿಡಿ ಸಾಕೆಟ್ಟಿನಲ್ಲಿ (ಗಾಡಿ ಸ್ಕ್ಯಾನ್ ಮಾಡಲು ಮೆಕ್ಯಾನಿಕ್ ಚುಚ್ಚುವ ಜಾಗ) ಏನಾದರೂ ಚುಚ್ಚಿದೆಯಾ ಬಗ್ಗಿ ನೋಡಿ. ಇದ್ದರೆ ಏನು ಅಂತ ಕೇಳಿ, ಉತ್ತರ ತಡವರಿಸಿದರೆ ಕಿತ್ತುಹಾಕಿ. ಆಮೇಲೆ ಸರ್ವಿಸ್ ಸೆಂಟರಿಗೆ ಹೋಗಿ ಕಾರನ್ನು ನಿಮ್ಮ ನಂಬರಿಗೆ ಬರೆಸಿಕೊಳ್ಳಿ. ಆರ್‌ಸಿ ವರ್ಗಾವಣೆ ಆದ ಮಾತ್ರಕ್ಕೆ ಆ್ಯಪ್ ವರ್ಗಾವಣೆ ಆಗುವುದಿಲ್ಲ.